ನಾಮಾವಳಿಯೂ ನಾಂದಿಯೂ: ಚಲಚ್ಚಿತ್ರದ ಆರಂಭಭಾಗದಿಂದ ವಿದ್ಯಾರ್ಥಿ ಪಡೆಯಬಹುದಾದುದು

ಚಿತ್ರಮಂದಿರದಲ್ಲಿ ದೀಪವಾರಿದ ಮೇಲಿನ ಮೊದಲ ಎರಡು ಮೂರು ನಿಮಿಷಗಳು ಬಹುಕಾಲ ಯಾರಿಗೂ ಬೇಡವಾದ ಹೊತ್ತಾಗಿದ್ದವು. ತಡವಾಗಿ ಬಂದವರು ಕತ್ತಲಲ್ಲಿ ಆಸನವನ್ನು ತಡಕುವುದಕ್ಕೂ, ಮೊದಲೇ ಬಂದವರು ಪಕ್ಕದವರೊಡನೆ ತೊಡಗಿದ ಮಾತನ್ನು ಮುಗಿಸುವುದಕ್ಕೂ ಆ ಹೊತ್ತು ಮೀಸಲಾಗಿದ್ದಿತು. ನಟನಟಿಯರ, ಸಂಗೀತಗಾರರ, ಛಾಯಾಗ್ರಾಹಕರ ಹೆಸರುಗಳು ತೆರೆಯ ಮೇಲೆ ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ಓದಿದವರು ಓದಿದರು, ಓದದವರಿಗೆ ನಷ್ಟವೇನೂ ಇರಲಿಲ್ಲ. ಅಮೆರಿಕದ ಎಷ್ಟೋ ಚಿತ್ರಮಂದಿರಗಳಲ್ಲಿ ಹೆಸರುಗಳು ಮುಗಿಯುವವರೆಗೆ ಮುಂದಿನ ಪರದೆಯನ್ನೇ ಸರಿಸುತ್ತಿರಲಿಲ್ಲ. 1955ರಲ್ಲಿ ಆಟೊ ಪ್ರೆಮಿಂಜರ್ ನಿರ್ದೇಶಿಸಿದ ‘ದಿ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್’ ಚಿತ್ರದ ಸುರುಳಿಗಳು ಊರೂರಿಗೆ ಹೋದಾಗ ಡಬ್ಬಿಗಳ ಮೇಲೆ ಒಂದು ಸೂಚನೆಯನ್ನು ಅಂಟಿಸಲಾಗಿದ್ದಿತು: ಹೆಸರುಗಳು ತೊಡಗುವ ಮೊದಲೇ ಪರದೆಯನ್ನು ಸರಿಸಬೇಕು. ಚಿತ್ರ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಆ ಚೀಟಿ ಹೊಸದೊಂದು ಉತ್ತರವನ್ನು ಕೊಟ್ಟಿತು. ರೂಢಿಯ ಮಾತಿನಲ್ಲಿ ಟೈಟಲ್ ಎಂದು ಕರೆಯಲ್ಪಡುವ ಈ ನಾಮಾವಳಿ ಅಂದಿನಿಂದ ವಿಮರ್ಶಕರ ಗಮನಕ್ಕೂ, ತರುವಾಯ ಕಲಾಶಾಲೆಯ ಪಾಠಕ್ಕೂ ಅರ್ಹವಾದ ವಸ್ತುವಾಯಿತು.

ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯೂ, ಮುಂಬಯಿಯ ಪವಾಯಿಯಲ್ಲಿ 1969ರಲ್ಲಿ ಐ.ಐ.ಟಿ.ಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರೂ ಸ್ಥಾಪಿತವಾದ ಮೇಲೆ ವಿನ್ಯಾಸವೆಂಬುದು ಭಾರತದಲ್ಲಿಯೂ ಕ್ರಮವಾದ ವ್ಯಾಸಂಗದ ವಿಷಯವಾಯಿತು. ಇಂತಹ ಶಾಲೆಗಳಲ್ಲಿ ವಿದ್ಯಾರ್ಥಿಗೆ ಒಪ್ಪಿಸುವ ಅಭ್ಯಾಸಗಳಲ್ಲಿ ಒಂದು ಕತೆಗೋ ಕಾದಂಬರಿಗೋ ಚಿತ್ರದ ಆರಂಭಭಾಗವನ್ನು ರಚಿಸುವುದೂ ಸೇರಿದೆ. ಎರಡು ನಿಮಿಷದ ಕೆಲಸ. ಅಕ್ಷರ, ಚಿತ್ರ, ಚಲನೆ, ಸಂಗೀತ ನಾಲ್ಕೂ ಅದರಲ್ಲಿ ಕೂಡಬೇಕು. ಅಭ್ಯಾಸವನ್ನು ಒಪ್ಪಿಸಿದೊಡನೆ ವಿದ್ಯಾರ್ಥಿ ಮಾಡುವ ಮೊದಲನೆಯ ಕೆಲಸವೆಂದರೆ ಹೆಸರಾಂತ ನಾಮಾವಳಿಗಳನ್ನು ಗುಡ್ಡೆ ಹಾಕಿಕೊಂಡು ನೋಡುವುದು. ಇದಕ್ಕೆ ಸ್ಫೂರ್ತಿಯ ಹುಡುಕಾಟವೆಂದು ಹೆಸರು. ನೋಡುವುದರಲ್ಲಿ ತಪ್ಪಿಲ್ಲ, ಪೂರ್ವಸೂರಿಗಳನ್ನು ಓದದೆ ಕವಿಯಾದವನಿಲ್ಲ. ಆದರೆ ನೋಡಿದುದರಿಂದ ಏನನ್ನು ತೆಗೆದುಕೊಳ್ಳಬೇಕು ಎಂಬಲ್ಲಿ ತೊಡಕಿದೆ. ಕಣ್ಣಿಗೆ ಮೊದಲು ಬೀಳುವುದು ಮೈ. ಮೈಯನ್ನು ತೆಗೆದುಕೊಳ್ಳುವುದು ಸುಲಭ. ಆ ಮೈ ಯಾವ ಓದಿನಿಂದ ಹುಟ್ಟಿತು ಎಂಬುದು ಕಾಣಬೇಕಾದರೆ ಚಿತ್ರವನ್ನು ಕೊನೆಯವರೆಗೆ ನೋಡಿ, ಮತ್ತೆ ಮೊದಲಿಗೆ ಬರಬೇಕಾಗುತ್ತದೆ. ಆ ಎರಡನೆಯ ನೋಟಕ್ಕೆ ಮನಸ್ಸು ಮಾಡುವವರು ವಿರಳ.

ಸಂಸ್ಕೃತ ನಾಟಕವನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವೇನೂ ಅಲ್ಲ. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೆ ಮೀಸಲಾಗಿದೆ. ನಾಟಕ ತೊಡಗುವ ಮೊದಲು ವಾದ್ಯಗಳನ್ನು ಅಣಿಗೊಳಿಸುವುದರಿಂದ ಹಿಡಿದು ನಾಂದಿಯವರೆಗೆ ಏನೇನು ನಡೆಯಬೇಕೆಂಬುದು ಅಲ್ಲಿ ವಿಧಿಸಲ್ಪಟ್ಟಿದೆ. ಕವಿಯ ಹೆಸರೂ ಕೃತಿಯ ಹೆಸರೂ ಪ್ರಸ್ತಾವನೆಯಲ್ಲಿ ಸೂತ್ರಧಾರನ ಬಾಯಿಂದ ಬರುತ್ತವೆ. ಅದು ಇಂದಿನ ನಾಮಾವಳಿ ಮಾಡುವ ಕೆಲಸವೇ ಸರಿ. ನಾಂದಿಯಾದರೋ ಹೊರನೋಟಕ್ಕೆ ದೇವತಾಸ್ತುತಿ. ಉತ್ತಮ ಕವಿಯ ಕೈಯಲ್ಲಿ ಅದು ಮುಂಬರುವ ಕಥಾವಸ್ತುವಿನ ಸೂಚನೆಯೂ ಆಗುತ್ತದೆ. ವಿಶಾಖದತ್ತನ ಮುದ್ರಾರಾಕ್ಷಸದ ನಾಂದಿಯಲ್ಲಿ ಶಿವನ ತಲೆಯ ಮೇಲಿರುವವಳು ಯಾರೆಂದು ಪಾರ್ವತಿ ಕೇಳುತ್ತಾಳೆ; ಶಿವನು ಗಂಗೆಯನ್ನು ಮರೆಮಾಡಲು ಮಾತನ್ನು ತಿರುಚಿ ತಿರುಚಿ ಉತ್ತರ ಕೊಡುತ್ತಾನೆ. ಚಾಣಕ್ಯನ ಕಪಟನೀತಿಯ ನಾಟಕಕ್ಕೆ ದೇವರ ಮನೆಯ ಕಪಟವೇ ನಾಂದಿಯಾಯಿತು. ಕತೆಯ ಒಂದು ಸಂಗತಿಯೂ ಅಲ್ಲಿ ಹೇಳಲ್ಪಟ್ಟಿಲ್ಲ. ಆದರೆ ಕತೆಯ ಸ್ವಭಾವವೆಲ್ಲ ಅಲ್ಲಿದೆ. ಆನಂದವರ್ಧನನ ಪರಿಭಾಷೆಯಲ್ಲಿ ಹೇಳುವುದಾದರೆ ವಾಚ್ಯ ಸ್ತುತಿ, ಧ್ವನಿ ನೀತಿ. ಒಳ್ಳೆಯ ನಾಮಾವಳಿಗೂ ಇದೇ ಅಳತೆ. ವಾಚ್ಯವೆಂದರೆ ಹೆಸರುಗಳು, ಧ್ವನಿಯೆಂದರೆ ಇನ್ನೂ ಕಾಣದ ಚಿತ್ರ.

ಪ್ರೆಮಿಂಜರನ ಆ ಚಿತ್ರದ ನಾಮಾವಳಿಯನ್ನು ರಚಿಸಿದವನು ಸಾಲ್ ಬಾಸ್. ನ್ಯೂಯಾರ್ಕಿನಲ್ಲಿ 1920ರಲ್ಲಿ ಹುಟ್ಟಿದ ಈತ ಬ್ರೂಕ್ಲಿನ್ ಕಾಲೇಜಿನಲ್ಲಿ ಹಂಗೇರಿಯ ಜ್ಯೋರ್ಜ್ ಕೆಪೆಸ್‌ನಲ್ಲಿ ಕಲಿತು, ಜಾಹೀರಾತಿನ ಮೂಲಕ ಚಿತ್ರರಂಗಕ್ಕೆ ಬಂದವನು. ನೆಲ್ಸನ್ ಆಲ್‌ಗ್ರೆನ್‌ನ 1949ರ ಕಾದಂಬರಿಯನ್ನು ಆಧರಿಸಿದ ಕತೆ. ನಾಯಕನು ಹೆರಾಯಿನ್ ವ್ಯಸನಕ್ಕೆ ಬಿದ್ದ ಇಸ್ಪೀಟು ಹಂಚುವವನು. ಮಾದಕದ್ರವ್ಯದ ವಸ್ತುವೇ ಆಗ ಹಾಲಿವುಡ್ಡಿನ ನಿಯಮಾವಳಿಗೆ ನಿಷಿದ್ಧವಾಗಿದ್ದುದರಿಂದ ಚಿತ್ರವು ಒಪ್ಪಿಗೆಯ ಮುದ್ರೆಯಿಲ್ಲದೆಯೇ ಬಿಡುಗಡೆಯಾಯಿತು. ನಾಮಾವಳಿಯಲ್ಲಿ ಕಾಣುವುದು ಇಷ್ಟೆ: ಕಪ್ಪು ಹಿನ್ನೆಲೆ, ಅದರ ಮೇಲೆ ಬಿಳಿಯ ಪಟ್ಟಿಗಳು. ಪಟ್ಟಿಗಳು ಸರಿಯುತ್ತವೆ, ಕೂಡುತ್ತವೆ, ಅಡ್ಡವಾಗುತ್ತವೆ. ಹೆಸರುಗಳು ಅವುಗಳ ನಡುವೆ ಬಂದು ನಿಲ್ಲುತ್ತವೆ. ಎಲ್ಮರ್ ಬರ್ನ್‌ಸ್ಟೀನ್‌ನ ಜಾಜ್ ಸಂಗೀತ ಅವುಗಳನ್ನು ಅಟ್ಟುತ್ತದೆ. ಕೊನೆಗೆ ಪಟ್ಟಿಗಳೆಲ್ಲ ಸೇರಿ ಮುರಿಮುರಿಯಾದ ಒಂದು ತೋಳಾಗಿ ಮೇಲಿನಿಂದ ಇಳಿಯುತ್ತವೆ.

ಈ ತೋಳು ಯಾವುದು? ಇಸ್ಪೀಟೆಲೆಯನ್ನು ಚತುರತೆಯಿಂದ ಹಂಚುವ ತೋಳು. ಅದಕ್ಕೇ ಬಂಗಾರದ ತೋಳೆಂಬ ಹೆಸರು. ಸೂಜಿ ಚುಚ್ಚಿಸಿಕೊಳ್ಳುವ ತೋಳೂ ಅದೇ. ವ್ಯಸನವನ್ನು ಬಿಟ್ಟು ವಾದ್ಯಗೋಷ್ಠಿಯಲ್ಲಿ ತಾಳವಾದ್ಯ ನುಡಿಸಿ ಬದುಕಬೇಕೆಂದು ಆತ ಆಸೆಪಡುವುದೂ ಆ ತೋಳಿನ ಬಲದಿಂದಲೇ. ಏಳಿಗೆ, ಪತನ, ಆಸೆ ಮೂರೂ ಒಂದೇ ಅಂಗದಲ್ಲಿವೆ. ಬಾಸ್ ಈ ಮೂರನ್ನೂ ಚಿತ್ರಿಸಲು ಹೋಗಲಿಲ್ಲ. ಸೂಜಿಯನ್ನು ತೋರಿಸಲಿಲ್ಲ, ಎಲೆಯನ್ನು ತೋರಿಸಲಿಲ್ಲ. ಮೂರೂ ಕೂಡುವ ಅಂಗವನ್ನು ಮಾತ್ರ, ಅದೂ ವಿರೂಪಗೊಂಡುದನ್ನು, ಮುಂದಿಟ್ಟನು. ಇದು ಅಲಂಕಾರದ ಕೆಲಸವಲ್ಲ, ಓದಿನ ಕೆಲಸ. ಇಡೀ ಕತೆಯಿಂದ ಒಂದು ಪದವನ್ನು ಆರಿಸಿ, ಅದರ ಅರ್ಥಗಳನ್ನೆಲ್ಲ ಒಂದು ಆಕೃತಿಗೆ ಇಳಿಸುವುದು ಸಾಹಿತ್ಯವಿಮರ್ಶಕ ಮಾಡುವ ಕೆಲಸಕ್ಕಿಂತ ಬೇರೆಯಲ್ಲ. ವಿದ್ಯಾರ್ಥಿಯು ಬಿಳಿಯ ಪಟ್ಟಿಗಳನ್ನು ಕಂಡು ತನ್ನ ಕೆಲಸದಲ್ಲಿಯೂ ಪಟ್ಟಿಗಳನ್ನು ಓಡಿಸಿದರೆ ಅವನಿಗೆ ಬಾಸ್ ಸಿಕ್ಕಲಿಲ್ಲ, ಬಾಸ್ ಬಿಟ್ಟುಹೋದ ಕಾಗದದ ಚೂರು ಸಿಕ್ಕಿತು.

ಪಟ್ಟಿಗಳೇ 1960ರ ‘ಸೈಕೊ’ ಚಿತ್ರದಲ್ಲಿ ಬೇರೊಂದು ಅರ್ಥಕ್ಕೆ ದುಡಿದವು. ಹಿಚ್‌ಕಾಕನ ಆ ಚಿತ್ರದಲ್ಲಿ ಅಡ್ಡಗೆರೆಗಳೂ ಲಂಬಗೆರೆಗಳೂ ಬರ್ನಾರ್ಡ್ ಹರ್ಮನ್‌ನ ತಂತಿವಾದ್ಯಗಳ ಇರಿತಕ್ಕೆ ಸರಿಯಾಗಿ ತೆರೆಯನ್ನು ಸೀಳುತ್ತವೆ. ಹೆಸರಿನ ಅಕ್ಷರಗಳೂ ಅಡ್ಡಲಾಗಿ ಸೀಳಿ, ಪಕ್ಕಕ್ಕೆ ಜರುಗಿ, ಒಂದು ಕ್ಷಣ ಕೂಡಿ, ಮತ್ತೆ ಒಡೆಯುತ್ತವೆ. ಒಡೆದ ಮನಸ್ಸಿನ ಕತೆಗೆ ಒಡೆದ ಅಕ್ಷರ. 1958ರ ‘ವರ್ಟಿಗೊ’ದಲ್ಲಿ ಹೆಣ್ಣಿನ ಮುಖವೊಂದರ ತುಟಿ, ಕಣ್ಣುಗಳನ್ನು ಬಹು ಹತ್ತಿರದಿಂದ ತೋರಿಸಿ, ಆ ಕಣ್ಣಿನೊಳಗಿನಿಂದ ಸುರುಳಿಗಳು ಸುತ್ತುತ್ತ ಹೊರಬರುವಂತೆ ಮಾಡಲಾಗಿದೆ, ಸುರುಳಿಗಳು ಜಾನ್ ವಿಟ್ನಿಯವು. ಎತ್ತರದ ಭಯವುಳ್ಳ ನಾಯಕನ ಕತೆಗೆ ಎತ್ತರದ ಕಟ್ಟಡವನ್ನೋ ಮೆಟ್ಟಿಲನ್ನೋ ತೋರಿಸುವುದು ಯಾರಿಗಾದರೂ ಹೊಳೆಯುವಂಥದು. ಕಣ್ಣನ್ನು ತೋರಿಸಿದ್ದರಿಂದ ತಲೆತಿರುಗುವುದು ಎತ್ತರದಿಂದಲ್ಲ, ನೋಟದಿಂದ ಎಂಬ ಮಾತು ಬಂದಿತು. ಹೆಣ್ಣೊಬ್ಬಳ ರೂಪದ ಹಿಂದೆ ಬಿದ್ದು ಕೆಡುವ ಆ ಕತೆಗೆ ಇದಕ್ಕಿಂತ ಹೊಂದುವ ವಾಕ್ಯವಿಲ್ಲ.

ಬಾಸನನ್ನು ಕೊಂಡಾಡುವವರು ಮರೆಯುವ ಒಂದು ಸಂಗತಿಯಿದೆ. 1962ರ ‘ವಾಕ್ ಆನ್ ದ ವೈಲ್ಡ್ ಸೈಡ್’ ಚಿತ್ರಕ್ಕೆ ಆತ ರಚಿಸಿದ ನಾಮಾವಳಿಯಲ್ಲಿ ಕರಿಯ ಬೆಕ್ಕೊಂದು ಗಲ್ಲಿಯಲ್ಲಿ ಮೆಲ್ಲನೆ ನಡೆದು ಬರುತ್ತದೆ, ಬಿಳಿಯ ಬೆಕ್ಕಿನೊಡನೆ ಕಾದಾಡುತ್ತದೆ, ಮುಂದಕ್ಕೆ ಹೋಗುತ್ತದೆ. ಆ ಬೆಕ್ಕಿನ ನಡಿಗೆಯನ್ನು ಕಂಡವರು ಮರೆಯುವುದಿಲ್ಲ. ಚಿತ್ರವನ್ನು ಮರೆಯುತ್ತಾರೆ. ತೋರಣವು ಮನೆಗಿಂತ ದೊಡ್ಡದಾದರೆ ತೋರಣ ಕಟ್ಟಿದವನನ್ನು ಹೊಗಳಬೇಕೇ ತೆಗಳಬೇಕೇ ಎಂಬುದು ಸುಲಭವಾಗಿ ತೀರುವ ಪ್ರಶ್ನೆಯಲ್ಲ. ವಿದ್ಯಾರ್ಥಿಗಂತೂ ಈ ಅಪಾಯ ಸಹಜವಾದುದು. ಏಕೆಂದರೆ ಅವನ ನಾಮಾವಳಿಯ ಹಿಂದೆ ಚಿತ್ರವೇ ಇರುವುದಿಲ್ಲ. ಇಲ್ಲದ ಮನೆಗೆ ಕಟ್ಟುವ ತೋರಣ ಎಷ್ಟು ದೊಡ್ಡದಾದರೂ ತಡೆಯುವವರಿಲ್ಲ. ಆದುದರಿಂದಲೇ ಅವನಿಗೆ ಮೂಲಕೃತಿಯ ಅಂಕುಶ ಬೇಕು.

ಅದೇ 1962ರಲ್ಲಿ ಬಂದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಚಿತ್ರದ ಆರಂಭ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ರಚಿಸಿದವನು ಸ್ಟೀಫನ್ ಫ್ರಾಂಕ್‌ಫರ್ಟ್, ಆತನೂ ಜಾಹೀರಾತಿನವನೇ. ಮಗುವಿನ ಕೈಯೊಂದು ಹಳೆಯ ಚುಟ್ಟದ ಪೆಟ್ಟಿಗೆಯನ್ನು ತೆರೆಯುತ್ತದೆ. ಒಳಗೆ ಗೋಲಿಗಳು, ನಾಣ್ಯಗಳು, ಗಡಿಯಾರ, ಕೆತ್ತಿದ ಪುಟ್ಟ ಬೊಂಬೆಗಳು. ಮಗು ತನ್ನಷ್ಟಕ್ಕೆ ಗುನುಗುತ್ತದೆ, ಬಣ್ಣದ ಕಡ್ಡಿಯಿಂದ ಕಾಗದದ ಮೇಲೆ ಉಜ್ಜುತ್ತದೆ, ಹಕ್ಕಿಯೊಂದನ್ನು ಬರೆಯುತ್ತದೆ, ಕಾಗದವನ್ನು ಹರಿಯುತ್ತದೆ. ಕ್ಯಾಮೆರಾ ಈ ವಸ್ತುಗಳಿಗೆ ಎಷ್ಟು ಹತ್ತಿರವಾಗಿದೆಯೆಂದರೆ ಗೋಲಿಯೊಂದು ಗ್ರಹದಂತೆ ಉರುಳುತ್ತದೆ. ಚಿತ್ರವನ್ನು ಮೊದಲ ಸಲ ನೋಡುವವನಿಗೆ ಇದು ಬಾಲ್ಯದ ಒಂದು ನೆನಪು, ಅಷ್ಟೆ. ಮನೆಯಿಂದ ಹೊರಬಾರದ, ಊರವರೆಲ್ಲ ಭೂತವೆಂದು ತಿಳಿದ ನೆರೆಯವನೊಬ್ಬ ಮರದ ಪೊಟರೆಯಲ್ಲಿ ಮಕ್ಕಳಿಗಾಗಿ ಇಂತಹ ವಸ್ತುಗಳನ್ನು ಇಡುತ್ತಿದ್ದನೆಂಬುದು ತಡವಾಗಿ ತಿಳಿಯುತ್ತದೆ. ಚಿತ್ರದ ಕೊನೆಯವರೆಗೆ ಮುಖ ತೋರದ ಆ ಮನುಷ್ಯನ ಪ್ರೀತಿ, ಯಾರಿಗೂ ಅರಿವಾಗದಂತೆ, ಮೊದಲ ನಿಮಿಷದಲ್ಲಿಯೇ ತೆರೆಯ ಮೇಲೆ ಇದ್ದಿತು. ಹಾರ್ಪರ್ ಲೀಯ ಕಾದಂಬರಿಯಲ್ಲಿ ಬಿಳಿಯರ ಊರೊಂದು ನಿರಪರಾಧಿಯಾದ ಕರಿಯನನ್ನು ಅಪರಾಧಿಯೆಂದು ತೀರ್ಮಾನಿಸುತ್ತದೆ; ಫ್ರಾಂಕ್‌ಫರ್ಟ್ ನ್ಯಾಯಾಲಯವನ್ನು ಮುಟ್ಟಲೇ ಇಲ್ಲ. ಆ ಘೋರವನ್ನು ನೋಡುವ ಕಣ್ಣು ಮಗುವಿನದೆಂಬುದೊಂದನ್ನೇ ಹಿಡಿದನು. ಉಳಿದದ್ದೆಲ್ಲ ಹರಿದ ಕಾಗದದ ಹಕ್ಕಿಯಲ್ಲಿ ಬಂದಿತು.

ಮೂವತ್ತಮೂರು ವರ್ಷಗಳ ಅನಂತರ, 1995ರಲ್ಲಿ, ಡೇವಿಡ್ ಫಿಂಚರನ ‘ಸೆವೆನ್’ ಚಿತ್ರಕ್ಕೆ ಕೈಲ್ ಕೂಪರ್ ರಚಿಸಿದ ನಾಮಾವಳಿ ಬಂದಿತು. ವಿದ್ಯಾರ್ಥಿಗಳ ಮೇಲೆ ಇದರಷ್ಟು ಪ್ರಭಾವ ಬೀರಿದುದು ಬೇರೊಂದಿಲ್ಲವೆಂದರೆ ಸಲ್ಲುತ್ತದೆ. ಇದರಷ್ಟು ಕೆಡಿಸಿದುದೂ ಬೇರೊಂದಿಲ್ಲ. ಗೀಚಿದ, ನಡುಗುವ, ಅಳಿಸಿ ಬರೆದಂತಿರುವ ಅಕ್ಷರಗಳು. ಟಿಪ್ಪಣಿ ಪುಸ್ತಕಗಳನ್ನು ಹೊಲಿಯುವ ಕೈ. ಬೆರಳ ತುದಿಯ ಚರ್ಮವನ್ನು ಹೆರೆಯುವ ಅಲಗು. ಈ ಮೂರಕ್ಕೂ ಚಿತ್ರದಲ್ಲಿ ಕಾರಣವಿದೆ. ಕೊಲೆಗಾರನು ಬಹು ತಡವಾಗಿ ತೆರೆಗೆ ಬರುವವನಾದುದರಿಂದ ಅವನ ಇರವನ್ನು ಮೊದಲೇ ಅನುಭವಕ್ಕೆ ತರಬೇಕಾಗಿದ್ದಿತು. ಬೆರಳಚ್ಚು ಸಿಕ್ಕದಂತೆ ಚರ್ಮ ಹೆರೆಯುವುದು ಅವನ ರೀತಿ. ಆ ಪುಸ್ತಕಗಳು ಅವನವು. ಆ ಅಕ್ಷರವೂ ಅವನ ಕೈಯದೆಂಬ ಭಾವ ನೋಡುವವನಿಗೆ ಬರುತ್ತದೆ. ಅಂದರೆ ನಟರ, ನಿರ್ದೇಶಕರ ಹೆಸರುಗಳನ್ನು ಕೊಲೆಗಾರನೇ ಬರೆದುಕೊಡುತ್ತಿದ್ದಾನೆ! ಆಮೇಲೆ ಬಂದ ಎಷ್ಟು ಪತ್ತೇದಾರಿ ಚಿತ್ರಗಳಲ್ಲಿ, ದೂರದರ್ಶನದ ಧಾರಾವಾಹಿಗಳಲ್ಲಿ, ಅಭ್ಯಾಸಕ್ಕೆ ರಚಿತವಾದ ಎಷ್ಟು ನಾಮಾವಳಿಗಳಲ್ಲಿ ಅಕ್ಷರ ನಡುಗಿತೋ ಲೆಕ್ಕವಿಲ್ಲ. ಯಾರ ಕೈ ನಡುಗುತ್ತಿದೆ ಎಂದು ಕೇಳಿದರೆ ಉತ್ತರವಿಲ್ಲ. ಕೂಪರನಾದರೋ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಲ್ ರ‍್ಯಾಂಡ್‌ನ ಶಿಷ್ಯನಾಗಿದ್ದವನು. ನಿರ್ಮಲವಾದ, ಗೆರೆ ತಪ್ಪದ ವಿನ್ಯಾಸದ ಶಿಸ್ತಿನಲ್ಲಿ ಕಲಿತವನು. ಶಿಸ್ತನ್ನು ಮುರಿಯಬೇಕಾದಾಗ ಏಕೆ ಮುರಿಯಬೇಕೆಂದು ಬಲ್ಲವನಾಗಿದ್ದನು.

ಹಾಗಾದರೆ ಹಳೆಯ ರೂಪವನ್ನು ತೆಗೆದುಕೊಳ್ಳಲೇಬಾರದೇ? ಬಾರದೆಂದು ಹೇಳಲಾಗದು. 2002ರ ‘ಕ್ಯಾಚ್ ಮಿ ಇಫ್ ಯು ಕ್ಯಾನ್’ ಚಿತ್ರದ ನಾಮಾವಳಿಯನ್ನು ರಚಿಸಿದ ಕುಂಟ್ಸೆಲ್ ಮತ್ತು ದೇಗಾ 1960ರ ದಶಕದ ಶೈಲಿಯನ್ನು ಮರೆಮಾಡದೆ ಬಳಸಿದರು. ಕತೆ ನಡೆಯುವುದು ಆ ದಶಕದಲ್ಲಿ, ಕಥಾನಾಯಕ ಖೊಟ್ಟಿ ವೇಷ, ಖೊಟ್ಟಿ ಚೆಕ್ಕುಗಳಿಂದ ಬದುಕುವವನು. ಪೊಲೀಸಿನವನ ಕಣ್ಣು ತಪ್ಪಿಸಿ ಓಡುವ ಅವನ ಆಕೃತಿಗೆ ಕೈಯಿಂದ ಕೆತ್ತಿದ ಮೊಹರಿನ ಗುರುತುಗಳನ್ನು ಬಳಸಲಾಗಿದೆ. ಅನುಕರಣವೇ ಕಸುಬಾದವನ ಕತೆಗೆ ಅನುಕರಣದ ಶೈಲಿ ಒಪ್ಪುತ್ತದೆ.

ಭಾರತದ ಮಟ್ಟಿಗೆ ಈ ಕಲೆಯನ್ನು ಸತ್ಯಜಿತ್ ರಾಯ್ ಅವರಷ್ಟು ಆಳವಾಗಿ ಅರಿತವರು ಬೇರೊಬ್ಬರಿಲ್ಲ. ನಿರ್ದೇಶಕರಾಗುವ ಮೊದಲು ಅವರು ಅಕ್ಷರ ಬರೆಯುವವರು. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬೋಸ್, ವಿನೋದಬಿಹಾರಿ ಮುಖರ್ಜಿ ಅವರಲ್ಲಿ ಕಲಿತು, 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಎಂಬ ಜಾಹೀರಾತು ಸಂಸ್ಥೆಯನ್ನು ಸೇರಿದರು. ಸಿಗ್ನೆಟ್ ಪ್ರೆಸ್ಸಿನ ಪುಸ್ತಕಗಳಿಗೆ ಹೊದಿಕೆಗಳನ್ನು ಬರೆದರು. ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಸಂಕ್ಷಿಪ್ತ ರೂಪವೊಂದಕ್ಕೆ ಚಿತ್ರ ಬರೆಯುವಾಗಲೇ ಅವರಿಗೆ ಆ ಕೃತಿಯ ಅಂತರಂಗದ ಪರಿಚಯವಾದುದು. 1955ರಲ್ಲಿ ಚಿತ್ರವಾಗಿ ಬಂದಾಗ ಅದರ ಹೆಸರುಗಳು ಒರಟು ಕಾಗದದ ಮೇಲೆ ಕೈಬರಹದಲ್ಲಿ ಬಂದುವು. ಬಡ ಪುರೋಹಿತನ ಮನೆಯ ಹಸ್ತಪ್ರತಿಯಂತೆ. ಅದರ ಹೆಚ್ಚಿಗೆ ಏನೂ ಇಲ್ಲ, ಬೇಕೂ ಇಲ್ಲ.

1960ರ ‘ದೇವಿ’ಯಲ್ಲಿ ದೇವಿಯ ಪ್ರತಿಮೆಯ ಮುಖವೊಂದು ಮೊದಲು ಬರಿದಾಗಿ ಬೆಳ್ಳಗೆ ಕಾಣುತ್ತದೆ. ಹೆಸರುಗಳು ಬರುತ್ತಿದ್ದಂತೆ ಆ ಮುಖಕ್ಕೆ ಕಣ್ಣು, ಬಣ್ಣ, ಒಡವೆ ಏರುತ್ತವೆ. ಹೆಸರುಗಳು ಮುಗಿಯುವಾಗ ಪ್ರತಿಮೆ ದೇವಿಯಾಗಿದೆ. ಚಿತ್ರದ ಕತೆಯೂ ಅದೇ. ಮಾವನು ಕಂಡ ಕನಸಿನ ಬಲದಿಂದ ಹದಿಹರೆಯದ ಸೊಸೆಯೊಬ್ಬಳನ್ನು ದೇವಿಯೆಂದು ಕೂರಿಸಲಾಗುತ್ತದೆ. ಅವಳ ಮುಖದ ಮೇಲೆ ಇತರರು ದೈವತ್ವವನ್ನು ಬರೆಯುತ್ತಾರೆ. ಆ ಪ್ರತಿಮೆಗೆ ಮೊದಲು ಯಾವ ಮುಖವೂ ಇರಲಿಲ್ಲವೆಂಬುದನ್ನು ನೋಡಿದವನು ದಯಾಮಯಿಗೆ ತನ್ನದೇ ಮುಖವೊಂದು ಇದ್ದಿತೆಂಬುದನ್ನು ನೆನೆದು ಕಳವಳಪಡುತ್ತಾನೆ. ಆ ಕಳವಳ ಒಂದು ಮಾತಿನಿಂದಲೂ ಹುಟ್ಟಿದುದಲ್ಲ.

‘ಮಹಾನಗರ’ದ ನಾಮಾವಳಿಯನ್ನು ಮುಂಬಯಿಯ ವಾಚಕರು ವಿಶೇಷವಾಗಿ ಗಮನಿಸಬೇಕು. 1963ರ ಈ ಚಿತ್ರದ ಮೊದಲಲ್ಲಿ ಕಾಣುವುದು ಕಲ್ಕತ್ತೆಯ ಟ್ರಾಮಿನ ನೆತ್ತಿಯ ಕೋಲು, ಅದು ಉಜ್ಜಿಕೊಂಡು ಸಾಗುವ ತಂತಿ, ಆಗಾಗ ಹಾರುವ ಕಿಡಿ. ನಗರವಿಲ್ಲ, ಜನವಿಲ್ಲ, ಬೀದಿಯಿಲ್ಲ. ಮಹಾನಗರವೆಂಬ ಹೆಸರಿನ ಚಿತ್ರಕ್ಕೆ ಎತ್ತರದಿಂದ ನಗರದ ವಿಸ್ತಾರವನ್ನು ತೋರಿಸುವುದೇ ಯಾರೂ ಮಾಡುವ ಕೆಲಸ. ರಾಯ್ ತಂತಿಯನ್ನು ತೋರಿಸಿದರು. ಕೋಲು ತಂತಿಯನ್ನು ಬಿಟ್ಟರೆ ಬಂಡಿ ನಿಂತುಹೋಗುತ್ತದೆ; ಹಿಡಿದರೆ ಕಿಡಿ ಹಾರುತ್ತದೆ. ಮಧ್ಯಮವರ್ಗದ ಗಂಡಹೆಂಡಿರ ಸಂಬಂಧ, ಹೆಂಡತಿ ಕೆಲಸಕ್ಕೆ ಹೋಗತೊಡಗಿದ ಮೇಲೆ, ಹೀಗೆಯೇ ಸಾಗುತ್ತದೆ. ಹೆಸರುಗಳು ಮುಗಿದಾಗ ಆ ಟ್ರಾಮಿನಲ್ಲಿ ಕುಳಿತ ಗಂಡನು ಕೆಲಸದಿಂದ ಮನೆಗೆ ಮರಳುತ್ತಿರುತ್ತಾನೆ. ಕೊನೆಯಲ್ಲಿ ಇಬ್ಬರೂ ಜನಸಂದಣಿಯಲ್ಲಿ ಮರೆಯಾದ ಮೇಲೆ ಕ್ಯಾಮೆರಾ ಬೀದಿಯ ದೀಪದ ಕಂಬದ ಮೇಲೆ ನಿಲ್ಲುತ್ತದೆ. ಕಂಬಕ್ಕೆ ಎರಡು ದೀಪ, ಉರಿಯುವುದು ಒಂದೇ. ತಂತಿಯ ಕಿಡಿಯಿಂದ ಹೊರಟ ಮಾತು ದೀಪಕ್ಕೆ ಬಂದು ಮುಟ್ಟಿತು.

1964ರ ‘ಚಾರುಲತಾ’ ಇವೆಲ್ಲಕ್ಕೂ ಮಿಗಿಲು. ಟಾಗೋರರ ‘ನಷ್ಟನೀಡ’ವನ್ನು ಆಧರಿಸಿದ ಚಿತ್ರ, ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯ ಸಿರಿವಂತರ ಮನೆ. ಹೆಸರುಗಳ ಹಿಂದೆ ಹೆಣ್ಣಿನ ಕೈಗಳೆರಡು ಕಸೂತಿಯಲ್ಲಿ ತೊಡಗಿವೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಸೂಜಿ ಏರಿ ಇಳಿಯುತ್ತದೆ, ರೋಮನ್ ಲಿಪಿಯ ‘ಬಿ’ ಅಕ್ಷರ ಮೆಲ್ಲನೆ ರೂಪುಗೊಳ್ಳುತ್ತದೆ. ಪತಿಯಾದ ಭೂಪತಿಯ ಹೆಸರಿನ ಮೊದಲಕ್ಷರ ಅದು, ಅವನ ಕರವಸ್ತ್ರಕ್ಕೆ. ಇಲ್ಲಿ ಗಮನಿಸಬೇಕಾದುದು ಲಿಪಿ. ಚಿತ್ರದ ಹೆಸರುಗಳು ಬಂಗಾಳಿಯಲ್ಲಿವೆ. ಹೆಂಡತಿ ಓದುವುದು ಬಂಗಾಳಿ ಕಾದಂಬರಿಗಳನ್ನು. ಅವಳು ಮುಂದೆ ಲೇಖಕಿಯಾಗುವುದೂ ಬಂಗಾಳಿಯಲ್ಲಿಯೇ. ಗಂಡನಾದರೋ ಇಂಗ್ಲಿಷ್ ಪತ್ರಿಕೆಯೊಂದನ್ನು ನಡೆಸುವುದರಲ್ಲಿ ಹೆಂಡತಿಯ ಕಡೆ ನೋಡಲು ಹೊತ್ತಿಲ್ಲದವನು. ಅವನನ್ನು ಮೆಚ್ಚಿಸಲು ಅವಳು ಅವನ ಲಿಪಿಯಲ್ಲಿ ಒಂದೇ ಒಂದು ಅಕ್ಷರವನ್ನು ದಾರದಲ್ಲಿ ಬರೆಯುತ್ತಾಳೆ. ಒಂದೇ ತೆರೆಯ ಮೇಲೆ ಎರಡು ಲಿಪಿಗಳು ಹೀಗೆ ಬೇರೆ ಬೇರೆಯಾಗಿ ನಿಂತಿವೆ. ಇಷ್ಟೆಲ್ಲ ಕೆಲಸಕ್ಕೆ ಹೊತ್ತು ಯಾವಾಗ ಸಿಕ್ಕಿತೆಂದು ಮುಂದೆ ಗಂಡ ಕೇಳುತ್ತಾನೆ. ಅವಳಿಗೆ ಇರುವುದು ಹೊತ್ತೊಂದೇ ಎಂಬುದನ್ನು ನೋಡಿದವನು ಆಗಲೇ ಬಲ್ಲ, ಏಕೆಂದರೆ ಆ ಕಸೂತಿಯ ನಿಧಾನದಲ್ಲಿ ಅವನೂ ಕೂತಿದ್ದನು. ನಾಮಾವಳಿಯ ಅವಧಿಯೇ ನಾಯಿಕೆಯ ಬೇಸರದ ಅವಧಿಯಾಯಿತು. ಇದಕ್ಕೆ ಖರ್ಚಾದುದು ಒಂದು ಬಟ್ಟೆ, ಒಂದು ಸೂಜಿ. ಸಾಧನಗಳಿಲ್ಲವೆಂದು ಕೊರಗುವ ವಿದ್ಯಾರ್ಥಿ ಇದನ್ನು ಹತ್ತು ಸಲ ನೋಡಬೇಕು.

ಕನ್ನಡಿಗರಿಗೆ ಹತ್ತಿರವಾದ ಉದಾಹರಣೆ ದೂರದರ್ಶನದಲ್ಲಿದೆ. ಶಂಕರ್ ನಾಗ್ ನಿರ್ದೇಶನದಲ್ಲಿ 1986ರಲ್ಲಿ ಪ್ರಸಾರವಾಗತೊಡಗಿದ ‘ಮಾಲ್ಗುಡಿ ಡೇಸ್’ ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ತಯಾರಾದುದು. ಅದರ ಆರಂಭಕ್ಕೆ ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ. ಮೈಸೂರಿನಿಂದ ಬಂದು ಮುಂಬಯಿಯಲ್ಲಿ ಬಾಳಿದ ಲಕ್ಷ್ಮಣರು ಅಣ್ಣನ ಕತೆಗಳಿಗೆ ಎಳೆಯ ವಯಸ್ಸಿನಿಂದಲೇ ಚಿತ್ರ ಬರೆದವರು. ಇಲ್ಲದ ಊರೊಂದಕ್ಕೆ ಗೆರೆಯ ಊರೇ ಸಹಜವಾದ ಹೆಬ್ಬಾಗಿಲು. ಹೀಗಾಗಿ ಆ ನಾಮಾವಳಿಯ ಹಿಂದೆ ಹಲವು ದಶಕಗಳ ಓದಿದೆ. ಆ ಗೆರೆಗಳ ಸರಳತೆಯನ್ನು ಕಂಡು ಸುಲಭವೆಂದುಕೊಂಡವರು ಬಹಳ ಮಂದಿ.

ಇನ್ನು ಲಿಪಿಯ ಮಾತು. ವಿದ್ಯಾರ್ಥಿಯು ನೋಡುವ ನಾಮಾವಳಿಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯವು. ಆ ಲಿಪಿಯ ದೊಡ್ಡಕ್ಷರಗಳು ಸಾಲಾಗಿ ನಿಂತ ಕಂಬಗಳಂತೆ. ಒಂದೊಂದಾಗಿ ಕೀಳಬಹುದು, ನೆಡಬಹುದು, ಅಡ್ಡ ಸೀಳಿ ಮತ್ತೆ ಕೂಡಿಸಬಹುದು. ‘ಸೈಕೊ’ದ ಸೀಳು ನಿಂತಿರುವುದು ಈ ಗುಣದ ಮೇಲೆ. ಅದನ್ನೇ ಕನ್ನಡಕ್ಕೆ ತಂದರೆ ಏನಾಗುತ್ತದೆ? ಕನ್ನಡದ ಪದ ಎಡದಿಂದ ಬಲಕ್ಕೆ ಮಾತ್ರ ಹರಿಯುವುದಿಲ್ಲ, ಮೇಲಿನಿಂದ ಕೆಳಕ್ಕೂ ಕಟ್ಟಲ್ಪಟ್ಟಿದೆ. ನೆತ್ತಿಯಲ್ಲಿ ತಲೆಕಟ್ಟು, ಗುಡಿಸು, ಎತ್ವ, ನಡುವೆ ಮೂಲಾಕ್ಷರ, ಕೆಳಗೆ ಒತ್ತು. ಮೇಲಿನ ಪದರವನ್ನು ಕತ್ತರಿಸಿದರೆ ಸ್ವರ ಹೋಗುತ್ತದೆ, ಕ, ಕಿ, ಕೆ ಒಂದಾಗುತ್ತವೆ. ಕೆಳಗಿನ ಪದರವನ್ನು ಕತ್ತರಿಸಿದರೆ ಹಳ್ಳಿ ಹಳಿಯಾಗುತ್ತದೆ. ಇದು ಕೊರತೆಯೆಂದು ತಿಳಿದು ಬಹುಮಂದಿ ಕನ್ನಡ ಅಕ್ಷರವನ್ನು ರೋಮನ್ ಅಕ್ಷರದ ಅಚ್ಚಿಗೆ ಚಪ್ಪಟೆ ಮಾಡಿ ಕೂರಿಸುತ್ತಾರೆ. ವಾಸ್ತವವಾಗಿ ಇದೊಂದು ಸಂಪತ್ತು. ರೈಲು ಬಂದು ಕೆಟ್ಟ ಊರೊಂದರ ಕತೆಗೆ ‘ಹಳ್ಳಿ’ ಎಂಬ ಹೆಸರಿದ್ದು, ತೆರೆಯ ಮೇಲಿನ ಆ ಪದದ ಒತ್ತೊಂದು ಕಳಚಿ ಬಿದ್ದು ‘ಹಳಿ’ ಉಳಿದರೆ, ಬಾಸನ ತೋಳಿಗೆ ಸಮನಾದ ಧ್ವನಿ ಒಂದೇ ಒತ್ತಿನಿಂದ ಬರುತ್ತದೆ. ರೋಮನ್ ಲಿಪಿಗೆ ಈ ಭಾಗ್ಯವಿಲ್ಲ. ಹುಷಾರಿಲ್ಲದೆ ಮಾಡಿದರೆ ಕತೆ ಎಂಬುದು ಕತ್ತೆಯಾಗುವ ಭಯವೂ ಇದ್ದೇ ಇದೆ.

ಅಭ್ಯಾಸಕ್ಕೆಂದು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕತೆ’ಯನ್ನು ತೆಗೆದುಕೊಂಡ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಬಹುದು. 1986ರಲ್ಲಿ ಗಿರೀಶ ಕಾಸರವಳ್ಳಿಯವರು ಇದನ್ನು ಚಿತ್ರವನ್ನಾಗಿ ಮಾಡಿದರು. ವಿದ್ಯಾರ್ಥಿ ಅದನ್ನು ಬದಿಗಿಟ್ಟು ಕತೆಯನ್ನೇ ಓದಲಿ. ನಿವೃತ್ತನಾದ ಸಣ್ಣ ಸರ್ಕಾರಿ ನೌಕರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಮೊದಲು ಹೊಳೆಯುವ ಸಾಮಗ್ರಿಯೆಂದರೆ ಕಡತ, ಮೊಹರು, ಕೆಂಪು ದಾರ. ಅಕ್ಷರಗಳನ್ನು ಮೊಹರಿನ ಗುರುತಿನಂತೆ ಒರಟು ಮಾಡಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಅದು ಕತೆಯ ಸಾಮಾನು ಸರಂಜಾಮು ಮಾತ್ರ. ಇನ್ನೊಮ್ಮೆ ಓದಿದವನಿಗೆ ಕತೆಯಲ್ಲಿ ಎರಡು ವೇಗಗಳು ಕಾಣಬೇಕು: ಕಾಗದದ ವೇಗ ಒಂದು, ಹುಣ್ಣಿನ ವೇಗ ಇನ್ನೊಂದು. ಎರಡೂ ಒಂದೇ ದಿನಗಳಲ್ಲಿ ಸಾಗುತ್ತವೆ, ಎರಡನೆಯದು ಗೆಲ್ಲುತ್ತದೆ. ನಾಮಾವಳಿಗೆ ಬೇಕಾದ ಚಲನೆ ಅಲ್ಲಿದೆ. ಆಮೇಲೆ ಹೆಸರನ್ನು ನೋಡಲಿ. ತ, ಬ, ರ, ನ, ಕ, ತೆ. ಆರು ಅಕ್ಷರಗಳು, ಒಂದಕ್ಕೂ ಒತ್ತಿಲ್ಲ, ದೀರ್ಘವಿಲ್ಲ, ಕೊನೆಯದನ್ನು ಬಿಟ್ಟರೆ ಎಲ್ಲವೂ ಅಕಾರಾಂತ. ಯಾವುದೊಂದೂ ತಲೆಯೆತ್ತದೆ, ಒಂದರ ಹಿಂದೊಂದು, ಕಿಟಕಿ ತೆರೆಯುವುದನ್ನು ಕಾಯುವ ಜನರ ಸಾಲಿನಂತೆ ನಿಂತಿವೆ. ಕೊನೆಯ ‘ತೆ’ಯ ಎತ್ವವೊಂದು ಮಾತ್ರ ಕೈಯೆತ್ತಿ ಕರೆದಂತೆ ಮೇಲಕ್ಕೆ ಬಾಗಿದೆ.